ಐಸಿಯು ಪರದೆಯ ಮೇಲೆ ಮಿದುಳಿನ ಅಲೆಗಳು: ಓದುವುದು ಹೇಗೆ?

ತಲೆಗೆ ಬಲವಾದ ಪೆಟ್ಟು ಬಿದ್ದು ಪ್ರಜ್ಞೆ ತಪ್ಪಿದವರ ಮಿದುಳಿನೊಳಗೆ ಏನು ನಡೆದಿದೆ ಎಂಬುದನ್ನು ಹೊರಗಿನಿಂದ ನೋಡಿ ಹೇಳುವುದು ಕಷ್ಟ. ಕಣ್ಣು ತೆರೆಯದೆ, ಕರೆದರೆ ಓಗೊಡದೆ ಅಕ್ಕಪಕ್ಕದ ಹಾಸಿಗೆಗಳಲ್ಲಿ ಮಲಗಿರುವ ಇಬ್ಬರು ರೋಗಿಗಳು ನೋಡುವವರಿಗೆ ಒಂದೇ ರೀತಿ ಕಾಣುತ್ತಾರೆ. ಆದರೆ ಒಬ್ಬರ ಮಿದುಳು ಮಂಪರಿನ ಔಷಧದಿಂದ ಸುಮ್ಮನಾಗಿರಬಹುದು, ಇನ್ನೊಬ್ಬರ ಮಿದುಳಿನಲ್ಲಿ ಹೊರಗೆ ಯಾವ ಸೂಚನೆಯೂ ಇಲ್ಲದೆ ಫಿಟ್ಸ್ ಗಂಟೆಗಟ್ಟಲೆ ನಡೆಯುತ್ತಿರಬಹುದು. ಮೊದಲನೆಯವರಿಗೆ ಬೇಕಾದದ್ದು ಕಾಯುವ ತಾಳ್ಮೆ, ಎರಡನೆಯವರಿಗೆ ತಕ್ಷಣದ ಚಿಕಿತ್ಸೆ. ಈ ವ್ಯತ್ಯಾಸವನ್ನು ಕಾಣಿಸಬಲ್ಲ ಸಾಧನ ಮಿದುಳಿನ ವಿದ್ಯುತ್ ಚಟುವಟಿಕೆಯನ್ನು ದಾಖಲಿಸುವ ಇಇಜಿ.

ಪ್ರಜ್ಞೆಯ ಮಟ್ಟವನ್ನು ಅಳೆಯಲು ವೈದ್ಯರು ಮೊದಲು ಬಳಸುವುದು ಗ್ಲಾಸ್ಗೋ ಕೋಮಾ ಮಾಪಕ. ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಗ್ರಹಾಂ ಟೀಸ್‌ಡೇಲ್ ಮತ್ತು ಬ್ರಯನ್ ಜೆನೆಟ್ 1974ರಲ್ಲಿ ಇದನ್ನು ಪ್ರಕಟಿಸಿದರು. ಕಣ್ಣು ತೆರೆಯುವುದು, ಮಾತು, ಕೈಕಾಲಿನ ಚಲನೆ ಈ ಮೂರನ್ನು ನೋಡಿ 3ರಿಂದ 15ರವರೆಗೆ ಅಂಕ ಕೊಡಲಾಗುತ್ತದೆ. 8 ಅಥವಾ ಅದಕ್ಕಿಂತ ಕಡಿಮೆ ಬಂದರೆ ಅದು ತೀವ್ರ ಗಾಯ. ಆದರೆ ಗಂಟಲಿಗೆ ನಳಿಕೆ ಹಾಕಿ ವೆಂಟಿಲೇಟರ್‌ಗೆ ಜೋಡಿಸಿದ ರೋಗಿ ಮಾತನಾಡಲಾರ. ಮಂಪರಿನ ಔಷಧ ಕೊಟ್ಟಿದ್ದರೆ ಕೈಯನ್ನೂ ಅಲ್ಲಾಡಿಸಲಾರ. ಹೀಗೆ ಹಾಸಿಗೆಯ ಪಕ್ಕದ ಪರೀಕ್ಷೆ ಉತ್ತರ ಕೊಡದಿದ್ದಾಗ ಮಿದುಳಿನ ಅಲೆಗಳನ್ನು ನೋಡಬೇಕಾಗುತ್ತದೆ.

ಅಲೆಗಳು ಬರುವುದು ಎಲ್ಲಿಂದ?

ಮನುಷ್ಯನ ಮಿದುಳಿನ ವಿದ್ಯುತ್ ಅಲೆಗಳನ್ನು ನೆತ್ತಿಯ ಮೇಲಿಂದ ಮೊದಲು ದಾಖಲಿಸಿದವರು ಜರ್ಮನಿಯ ಯೇನಾ ನಗರದ ಮನೋವೈದ್ಯ ಹಾನ್ಸ್ ಬರ್ಗರ್. 1924ರಲ್ಲಿ ಅವರಿಗೆ ಮೊದಲ ದಾಖಲೆ ಸಿಕ್ಕಿತು, 1929ರಲ್ಲಿ ಅದನ್ನು ಪ್ರಕಟಿಸಿದರು. ಮಿದುಳಿನ ಹೊರಪದರದಲ್ಲಿರುವ ಅಸಂಖ್ಯ ನರಕೋಶಗಳು ಒಂದಕ್ಕೊಂದು ಸಂದೇಶ ಕಳಿಸುವಾಗ ಹುಟ್ಟುವ ಸಣ್ಣ ವಿದ್ಯುತ್ ಪ್ರವಾಹಗಳು ಒಟ್ಟುಗೂಡಿ ಈ ಅಲೆಗಳಾಗುತ್ತವೆ. ತಲೆಬುರುಡೆ ಮತ್ತು ಚರ್ಮವನ್ನು ದಾಟಿ ಹೊರಬರುವಷ್ಟರಲ್ಲಿ ಅವು ಬಹಳ ಕ್ಷೀಣಿಸಿರುತ್ತವೆ. ಹೃದಯದ ಇಸಿಜಿಯ ಸಂಕೇತವನ್ನು ಮಿಲಿವೋಲ್ಟ್‌ನಲ್ಲಿ ಅಳೆದರೆ ಇಇಜಿಯನ್ನು ಅದರ ಸಾವಿರದ ಒಂದು ಭಾಗವಾದ ಮೈಕ್ರೋವೋಲ್ಟ್‌ನಲ್ಲಿ ಅಳೆಯಬೇಕು. ಇಷ್ಟು ಸಣ್ಣ ಸಂಕೇತವಾದ್ದರಿಂದಲೇ ಅದರಲ್ಲಿ ಬೇರೆ ವಿದ್ಯುತ್ ಗದ್ದಲ ಸುಲಭವಾಗಿ ಬೆರೆಯುತ್ತದೆ.

ಎಲೆಕ್ಟ್ರೋಡ್‌ಗಳನ್ನು ತಲೆಯ ಮೇಲೆ ಎಲ್ಲಿ ಅಂಟಿಸಬೇಕು ಎಂಬುದಕ್ಕೆ ಜಗತ್ತಿನಾದ್ಯಂತ ಒಂದೇ ಪದ್ಧತಿಯಿದೆ. 1958ರಲ್ಲಿ ಹರ್ಬರ್ಟ್ ಜಾಸ್ಪರ್ ಪ್ರಕಟಿಸಿದ ಆ ಪದ್ಧತಿಯಲ್ಲಿ ತಲೆಯ ಅಳತೆಯನ್ನು ಶೇ 10 ಮತ್ತು ಶೇ 20ರ ಭಾಗಗಳಾಗಿ ವಿಂಗಡಿಸಿ ಜಾಗ ಗುರುತಿಸುತ್ತಾರೆ. ಹೀಗಾಗಿ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತೆಗೆದ ದಾಖಲೆಯನ್ನು ಬೇರಾವುದೇ ದೇಶದ ತಜ್ಞರು ಓದಬಹುದು.

ಅಲೆಗಳನ್ನು ಅವುಗಳ ವೇಗದ ಮೇಲೆ ನಾಲ್ಕು ಬಗೆಯಾಗಿ ಗುರುತಿಸುತ್ತಾರೆ. ಸೆಕೆಂಡಿಗೆ 4ಕ್ಕಿಂತ ಕಡಿಮೆ ಬಾರಿ ಏಳುವುದು ಡೆಲ್ಟಾ, 4ರಿಂದ 8 ಥೀಟಾ, 8ರಿಂದ 13 ಆಲ್ಫಾ, ಅದಕ್ಕಿಂತ ಹೆಚ್ಚಾದರೆ ಬೀಟಾ. ಆರೋಗ್ಯವಂತರು ಕಣ್ಣು ಮುಚ್ಚಿ ಎಚ್ಚರವಾಗಿರುವಾಗ ತಲೆಯ ಹಿಂಭಾಗದಲ್ಲಿ ಆಲ್ಫಾ ಅಲೆಗಳು ಕಾಣುತ್ತವೆ. ಮಿದುಳು ಗಾಯಗೊಂಡಾಗ ಸಾಮಾನ್ಯವಾಗಿ ಅಲೆಗಳು ನಿಧಾನವಾಗುತ್ತವೆ. ಗಾಯ ಇನ್ನೂ ಆಳವಾಗಿದ್ದರೆ ಅವು ಕುಗ್ಗುತ್ತ, ನಡುನಡುವೆ ನಿಲ್ಲುತ್ತ ಹೋಗುತ್ತವೆ.

ಓದುವ ಕ್ರಮ

ತಜ್ಞರು ಮೊದಲು ನೋಡುವುದು ಹಿನ್ನೆಲೆಯನ್ನು, ಅಂದರೆ ದಾಖಲೆಯುದ್ದಕ್ಕೂ ಹರಿದಿರುವ ಮೂಲ ಲಯವನ್ನು. ಅದು ಎಡೆಬಿಡದೆ ಇದೆಯೇ ಎಂಬುದು ಮೊದಲ ಪ್ರಶ್ನೆ. ಅಲೆಗಳ ಎತ್ತರ 10 ಮೈಕ್ರೋವೋಲ್ಟ್‌ಗಿಂತ ಕೆಳಗಿಳಿದ ಅವಧಿಯನ್ನು ತಗ್ಗಿದ ಅವಧಿ ಎಂದು ಎಣಿಸುತ್ತಾರೆ. ದಾಖಲೆಯ ಅರ್ಧಕ್ಕಿಂತ ಹೆಚ್ಚು ಭಾಗ ಹೀಗೆ ತಗ್ಗಿದ್ದು, ಆಗೊಮ್ಮೆ ಈಗೊಮ್ಮೆ ಅಲೆಗಳ ಗುಂಪು ಎದ್ದು ಅಡಗಿದರೆ ಅದಕ್ಕೆ ಬರ್ಸ್ಟ್ ಸಪ್ರೆಶನ್ ಎನ್ನುತ್ತಾರೆ.

ಎರಡನೆಯ ಪ್ರಶ್ನೆ, ಎಡ ಬಲ ಎರಡೂ ಬದಿ ಒಂದೇ ರೀತಿ ಇವೆಯೇ ಎಂಬುದು. ಮಿದುಳಿನ ಹೊದಿಕೆಯ ಕೆಳಗೆ ರಕ್ತ ಹೆಪ್ಪುಗಟ್ಟಿದ್ದರೆ ಆ ಬದಿಯ ಅಲೆಗಳು ಸಣ್ಣದಾಗಿ ಕಾಣಬಹುದು. ಮಿದುಳೇ ಜಜ್ಜಿಹೋಗಿದ್ದರೆ ಆ ಜಾಗದಲ್ಲಿ ನಿಧಾನದ ಅಲೆಗಳು ಹೆಚ್ಚುತ್ತವೆ.

ಮೂರನೆಯದು ಪ್ರತಿಕ್ರಿಯೆ. ರೋಗಿಯ ಹೆಸರು ಹಿಡಿದು ಗಟ್ಟಿಯಾಗಿ ಕರೆದಾಗ, ಚಪ್ಪಾಳೆ ತಟ್ಟಿದಾಗ ಅಥವಾ ಉಗುರಿನ ಬುಡವನ್ನು ಒತ್ತಿದಾಗ ಅಲೆಗಳ ಎತ್ತರವೋ ವೇಗವೋ ಬದಲಾಗುತ್ತದೆಯೇ ಎಂದು ನೋಡುತ್ತಾರೆ. ಬದಲಾದರೆ ಹೊರಗಿನ ಸಂದೇಶ ಮಿದುಳಿನ ಹೊರಪದರದವರೆಗೆ ತಲುಪುತ್ತಿದೆ ಎಂದರ್ಥ. ಇದು ಒಳ್ಳೆಯ ಲಕ್ಷಣ. ತಾನಾಗಿಯೇ ನಿದ್ರೆ ಎಚ್ಚರಗಳ ಏರಿಳಿತ ಕಾಣುವುದು, ನಿದ್ರೆಯ ಗುರುತಾದ ಸ್ಪಿಂಡಲ್ ಅಲೆಗಳು ಕಾಣುವುದು ಕೂಡ ಭರವಸೆ ಕೊಡುವ ಸಂಗತಿಗಳು.

ಪ್ರತಿಕ್ರಿಯೆ ಎಷ್ಟು ಮುಖ್ಯ ಎಂಬುದಕ್ಕೆ ಆಲ್ಫಾ ಕೋಮಾ ಒಳ್ಳೆಯ ಉದಾಹರಣೆ. ಇದರಲ್ಲಿ ಅಲೆಗಳ ವೇಗ ಎಚ್ಚರವಾಗಿರುವವರದ್ದರಷ್ಟೇ ಇರುತ್ತದೆ. ಅವಸರದಲ್ಲಿ ನೋಡಿದವರಿಗೆ ರೋಗಿ ಚೇತರಿಸಿಕೊಂಡಂತೆ ಅನ್ನಿಸಬಹುದು. ಆದರೆ ಆ ಅಲೆಗಳು ತಲೆಯ ಹಿಂಭಾಗಕ್ಕೆ ಸೀಮಿತವಾಗದೆ ಎಲ್ಲೆಡೆ ಹರಡಿರುತ್ತವೆ, ಏನು ಮಾಡಿದರೂ ಬದಲಾಗುವುದಿಲ್ಲ. ಹೃದಯ ನಿಂತು ಮಿದುಳಿಗೆ ಆಮ್ಲಜನಕ ತಪ್ಪಿದವರಲ್ಲಿ ಇದು ಕಂಡರೆ ತೀವ್ರ ಹಾನಿಯ ಸೂಚನೆ. ಔಷಧ ಅತಿಯಾದಾಗಲೂ ಇದೇ ಚಿತ್ರ ಬರಬಹುದು, ಔಷಧ ಇಳಿದರೆ ಅಂಥವರು ಚೇತರಿಸಿಕೊಳ್ಳುತ್ತಾರೆ. ಚಿತ್ರ ಒಂದೇ ಆದರೂ ಕಾರಣ ಬೇರೆಯಾದರೆ ಅರ್ಥವೂ ಬೇರೆ.

ಕಣ್ಣಿಗೆ ಕಾಣದ ಫಿಟ್ಸ್

ತೀವ್ರ ಗಾಯದ ರೋಗಿಗಳಲ್ಲಿ ಇಇಜಿಯ ಅತಿ ದೊಡ್ಡ ಉಪಯೋಗ ಹೊರಗೆ ಕಾಣದ ಫಿಟ್ಸನ್ನು ಹಿಡಿಯುವುದು. ಫಿಟ್ಸ್ ಎಂದರೆ ಕೈಕಾಲು ಸೆಳೆಯುವುದು ಎಂದೇ ಜನರ ತಿಳಿವಳಿಕೆ. ಆದರೆ ಕೋಮಾದಲ್ಲಿರುವವರಲ್ಲಿ ದೇಹ ಅಲುಗದೆಯೇ ಮಿದುಳಿನಲ್ಲಿ ಫಿಟ್ಸ್ ನಡೆಯಬಲ್ಲದು. ಲಾಸ್ ಏಂಜಲೀಸ್‌ನಲ್ಲಿ ಪಾಲ್ ವೆಸ್ಪಾ ಮತ್ತು ಸಂಗಡಿಗರು ತಲೆಗೆ ಪೆಟ್ಟಾಗಿ ಐಸಿಯು ಸೇರಿದ 94 ಮಂದಿಯನ್ನು ನಿರಂತರ ಇಇಜಿಯಿಂದ ಗಮನಿಸಿ 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇ 22ರಷ್ಟು ಜನರಿಗೆ ಫಿಟ್ಸ್ ಬಂದಿತ್ತು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ಫಿಟ್ಸ್ ಹೊರಗೆ ಕಂಡಿರಲಿಲ್ಲ. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಯಾನ್ ಕ್ಲಾಸೆನ್ ಮತ್ತು ಸಂಗಡಿಗರು ಬೇರೆ ಬೇರೆ ಕಾರಣಗಳಿಗಾಗಿ ನಿರಂತರ ಇಇಜಿ ಮಾಡಿಸಿಕೊಂಡ 570 ರೋಗಿಗಳ ದಾಖಲೆಗಳನ್ನು ನೋಡಿ 2004ರಲ್ಲಿ ವರದಿ ಮಾಡಿದರು. ಶೇ 19ರಷ್ಟು ಜನರಲ್ಲಿ ಫಿಟ್ಸ್ ಪತ್ತೆಯಾಗಿತ್ತು. ಹಾಗೆ ಪತ್ತೆಯಾದವರಲ್ಲಿ ಶೇ 92ರಷ್ಟು ಜನರದ್ದು ಇಇಜಿ ಇಲ್ಲದಿದ್ದರೆ ಗೊತ್ತೇ ಆಗದಂಥ ಫಿಟ್ಸ್.

ಎಷ್ಟು ಹೊತ್ತು ನೋಡಬೇಕು ಎಂಬ ಪ್ರಶ್ನೆಗೂ ಆ ಅಧ್ಯಯನ ಉತ್ತರ ಕೊಟ್ಟಿತು. ಫಿಟ್ಸ್ ಬಂದವರಲ್ಲಿ ಕೋಮಾಕ್ಕೆ ಹೋಗದಿದ್ದ ಶೇ 95ರಷ್ಟು ಜನರಿಗೆ ಮೊದಲ ಫಿಟ್ಸ್ 24 ಗಂಟೆಯೊಳಗೆ ಕಂಡಿತು. ಕೋಮಾದಲ್ಲಿದ್ದವರಲ್ಲಿ ಆ ಪ್ರಮಾಣ ಶೇ 80. ಅಂದರೆ ಕೋಮಾದಲ್ಲಿರುವವರನ್ನು ಒಂದು ದಿನಕ್ಕಿಂತ ಹೆಚ್ಚು ಗಮನಿಸಬೇಕಾಗುತ್ತದೆ.

ದಿನವಿಡೀ ಇಇಜಿ ನಡೆಸುವ ಯಂತ್ರ ಮತ್ತು ಅದನ್ನು ಓದುವ ಪರಿಣತರು ಎಲ್ಲ ಆಸ್ಪತ್ರೆಗಳಲ್ಲಿ ಸಿಗುವುದಿಲ್ಲ. ಅಂಥ ಕಡೆಗಳಿಗೆ ಸ್ವಿಟ್ಜರ್ಲೆಂಡಿನಲ್ಲಿ ನಡೆದು 2020ರಲ್ಲಿ ಪ್ರಕಟವಾದ ಪ್ರಯೋಗವೊಂದು ಮುಖ್ಯವಾದದ್ದು. ಅದರಲ್ಲಿ ಪ್ರಜ್ಞೆ ಕುಂದಿದ ಕೆಲವರಿಗೆ 30 ಗಂಟೆಗೂ ಮೀರಿ ನಿರಂತರ ಇಇಜಿ, ಉಳಿದವರಿಗೆ 20 ನಿಮಿಷಗಳ ಎರಡು ಇಇಜಿ ಮಾಡಲಾಯಿತು. ನಿರಂತರ ಇಇಜಿಯಲ್ಲಿ ಹೆಚ್ಚು ಫಿಟ್ಸ್ ಪತ್ತೆಯಾದವು, ಆದರೆ ಆರು ತಿಂಗಳ ಹೊತ್ತಿಗೆ ಸಾವಿನ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ. ನಿರಂತರ ಸೌಲಭ್ಯ ಇಲ್ಲದ ಊರಿನಲ್ಲಿ ಚಿಕ್ಕ ಅವಧಿಯ ಇಇಜಿಯನ್ನೇ ಮತ್ತೆ ಮತ್ತೆ ಮಾಡಿಸುವುದು ಏನೂ ಮಾಡದಿರುವುದಕ್ಕಿಂತ ಎಷ್ಟೋ ಮೇಲು.

ಯಾವುದನ್ನು ಫಿಟ್ಸ್ ಎನ್ನಬೇಕು ಎಂಬುದಕ್ಕೂ ನಿಯಮಗಳಿವೆ. ಅಮೆರಿಕದ ಕ್ಲಿನಿಕಲ್ ನ್ಯೂರೋಫಿಸಿಯಾಲಜಿ ಸೊಸೈಟಿ 2021ರಲ್ಲಿ ಪರಿಷ್ಕರಿಸಿದ ವ್ಯಾಖ್ಯೆಯ ಪ್ರಕಾರ, ಚೂಪಾದ ಅಲೆಗಳು ಸೆಕೆಂಡಿಗೆ ಸರಾಸರಿ ಎರಡೂವರೆಗಿಂತ ಹೆಚ್ಚು ಬಾರಿಯಂತೆ ಕನಿಷ್ಠ 10 ಸೆಕೆಂಡು ನಡೆದರೆ, ಅಥವಾ ಕನಿಷ್ಠ 10 ಸೆಕೆಂಡಿನ ಲಯ ವೇಗದಲ್ಲೋ ಆಕಾರದಲ್ಲೋ ಜಾಗದಲ್ಲೋ ಹಂತಹಂತವಾಗಿ ಬದಲಾಗುತ್ತ ಸಾಗಿದರೆ ಅದು ಫಿಟ್ಸ್. ಬಿಡದೆ 10 ನಿಮಿಷ ನಡೆದರೆ, ಇಲ್ಲವೆ ಒಂದು ಗಂಟೆಯ ದಾಖಲೆಯಲ್ಲಿ ಶೇ 20ರಷ್ಟು ಹೊತ್ತು ಫಿಟ್ಸ್ ಇದ್ದರೆ ಅದು ಸ್ಟೇಟಸ್ ಎಪಿಲೆಪ್ಟಿಕಸ್ ಎಂಬ ತುರ್ತುಸ್ಥಿತಿ.

ಈ ಗಡಿಯ ಆಚೆಗೂ ಈಚೆಗೂ ಸಲ್ಲದ ಚಿತ್ರಗಳು ಬಹಳ. ಒಂದೊಂದು ಸೆಕೆಂಡಿಗೆ ಒಂದರಂತೆ ಒಂದೇ ಆಕಾರದ ಅಲೆ ಗಂಟೆಗಟ್ಟಲೆ ಮರುಕಳಿಸುವುದುಂಟು. ಅದು ಗಾಯದ ಕುರುಹೋ, ಹೊಸ ಹಾನಿಗೆ ಕಾರಣವೋ ಎಂಬುದನ್ನು ಪ್ರತಿ ರೋಗಿಯಲ್ಲೂ ಪ್ರತ್ಯೇಕವಾಗಿ ಯೋಚಿಸಬೇಕು. ಪಿತ್ತಜನಕಾಂಗ ಅಥವಾ ಮೂತ್ರಪಿಂಡ ಕೆಟ್ಟಾಗಲೂ ಇದನ್ನು ಹೋಲುವ ಅಲೆಗಳು ಬರುತ್ತವೆ. ಪರದೆಯ ಮೇಲೆ ಕಂಡದ್ದಕ್ಕೆಲ್ಲ ಔಷಧ ಸುರಿಯುವುದರಿಂದ ಉಪಯೋಗವಿದೆಯೇ ಎಂದು ನೆದರ್ಲೆಂಡ್ಸ್ ಮತ್ತು ಬೆಲ್ಜಿಯಂನಲ್ಲಿ, ಹೃದಯ ಸ್ತಂಭನದ ನಂತರ ಕೋಮಾದಲ್ಲಿದ್ದ 172 ಮಂದಿಯಲ್ಲಿ ಪರೀಕ್ಷಿಸಲಾಯಿತು. 2022ರಲ್ಲಿ ಬಂದ ಫಲಿತಾಂಶ ನಿರಾಶಾದಾಯಕವಾಗಿತ್ತು. ಅಲೆಗಳನ್ನು ಅಡಗಿಸಲು ಔಷಧ ಪಡೆದವರಲ್ಲಿ ಶೇ 90ರಷ್ಟು ಜನರ ಸ್ಥಿತಿ ಮೂರು ತಿಂಗಳ ನಂತರ ಕೆಟ್ಟದಾಗಿತ್ತು, ಪಡೆಯದವರಲ್ಲಿ ಶೇ 92.

ದಾರಿ ತಪ್ಪಿಸುವ ಸಂಗತಿಗಳು

ದಾಖಲೆಯಲ್ಲಿ ಕಂಡದ್ದೆಲ್ಲ ಗಾಯದ ಫಲವಲ್ಲ. ಮೊದಲು ಎಣಿಕೆಗೆ ತೆಗೆದುಕೊಳ್ಳಬೇಕಾದದ್ದು ಔಷಧ. ಪ್ರೊಪೊಫಾಲ್, ಮಿಡಜೋಲಾಂ, ಥಯೊಪೆಂಟೋನ್‌ನಂಥ ಔಷಧಗಳು ಅಲೆಗಳನ್ನು ನಿಧಾನಗೊಳಿಸುತ್ತವೆ, ಪ್ರಮಾಣ ಹೆಚ್ಚಾದರೆ ಬರ್ಸ್ಟ್ ಸಪ್ರೆಶನ್ ತರುತ್ತವೆ. ಹತೋಟಿಗೆ ಬಾರದ ಫಿಟ್ಸ್‌ಗೆ ವೈದ್ಯರೇ ಬೇಕೆಂದು ಈ ಸ್ಥಿತಿ ತರಿಸುವುದೂ ಉಂಟು. ಮೂತ್ರಪಿಂಡ ಅಥವಾ ಪಿತ್ತಜನಕಾಂಗ ದುರ್ಬಲವಾಗಿದ್ದರೆ ಔಷಧ ನಿಲ್ಲಿಸಿದ ಮೇಲೂ ಅದರ ಪರಿಣಾಮ ದಿನಗಟ್ಟಲೆ ಉಳಿಯಬಹುದು. ದೇಹದ ಉಷ್ಣತೆ ಬಹಳ ಇಳಿದಿದ್ದರೂ ಅಲೆಗಳು ಕುಗ್ಗುತ್ತವೆ.

ತಲೆಬುರುಡೆಯ ಸ್ಥಿತಿಯೂ ಮುಖ್ಯ. ಬಾವು ಇಳಿಸಲು ಶಸ್ತ್ರಚಿಕಿತ್ಸೆ ಮಾಡಿ ಬುರುಡೆಯ ಒಂದು ಭಾಗವನ್ನು ತೆಗೆದಿದ್ದರೆ, ಕಿಟಕಿ ತೆರೆದಾಗ ಬೀದಿಯ ಸದ್ದು ಜೋರಾಗಿ ಕೇಳುವಂತೆ, ಆ ಜಾಗದ ಅಲೆಗಳು ದೊಡ್ಡದಾಗಿಯೂ ಚೂಪಾಗಿಯೂ ಕಾಣುತ್ತವೆ. ಶಸ್ತ್ರಚಿಕಿತ್ಸೆಯ ವಿವರ ತಿಳಿಯದೆ ಓದಿದವರು ಅದನ್ನು ಫಿಟ್ಸ್‌ನ ಲಕ್ಷಣವೆಂದು ತಿಳಿಯುವ ಅಪಾಯವಿದೆ. ನೆತ್ತಿಯ ಚರ್ಮ ಊದಿದ್ದರೆ ಇದರ ವಿರುದ್ಧ ಪರಿಣಾಮವಾಗಿ ಅಲೆಗಳು ಸಣ್ಣದಾಗುತ್ತವೆ.

ಐಸಿಯು ಕೋಣೆಯೇ ವಿದ್ಯುತ್ ಗದ್ದಲದ ಜಾಗ. ಭಾರತದ ವಿದ್ಯುತ್ ಪೂರೈಕೆಯ 50 ಹರ್ಟ್ಜ್ ಕಂಪನ ದಾಖಲೆಗೆ ಬೆರೆಯುತ್ತದೆ. ವೆಂಟಿಲೇಟರ್ ಕೊಳವೆಯಲ್ಲಿ ನಿಂತ ನೀರು ಅಲುಗಿದರೆ, ಕಫ ಸಡಿಲಿಸಲು ಎದೆ ತಟ್ಟಿದರೆ, ರೋಗಿ ನಡುಗಿದರೆ ಫಿಟ್ಸ್‌ನಂಥ ಲಯ ಮೂಡಬಹುದು. ಆದ್ದರಿಂದ ಇಇಜಿಯ ಜೊತೆ ವಿಡಿಯೊ ಇರುವುದು ಒಳ್ಳೆಯದು. ಆ ಕ್ಷಣದಲ್ಲಿ ಏನು ನಡೆಯಿತೆಂದು ನರ್ಸ್ ಬರೆದಿಟ್ಟ ಒಂದು ಸಾಲಿನ ಟಿಪ್ಪಣಿಯೂ ತಪ್ಪು ಚಿಕಿತ್ಸೆಯನ್ನು ತಪ್ಪಿಸಬಲ್ಲದು.

ಒಂದೇ ಅಂಕಿ ತೋರಿಸುವ ಯಂತ್ರ

ಹಣೆಗೆ ಒಂದು ಪಟ್ಟಿ ಅಂಟಿಸಿ 0ರಿಂದ 100ರವರೆಗಿನ ಒಂದೇ ಅಂಕಿ ತೋರಿಸುವ ಬಿಸ್ ಮಾನಿಟರ್ ಶಸ್ತ್ರಚಿಕಿತ್ಸಾ ಕೊಠಡಿಗಾಗಿ ರೂಪುಗೊಂಡದ್ದು. ಅಮೆರಿಕದಲ್ಲಿ 1996ರಲ್ಲಿ ಇದಕ್ಕೆ ಅನುಮತಿ ಸಿಕ್ಕಿತು. ಅರಿವಳಿಕೆಯಲ್ಲಿರುವವರಿಗೆ 40ರಿಂದ 60ರ ನಡುವಿನ ಅಂಕಿ ಸೂಕ್ತ ಎನ್ನುತ್ತಾರೆ. ಈ ಲೆಕ್ಕಾಚಾರ ನಿಂತಿರುವುದು ಗಾಯವಿಲ್ಲದ ಮಿದುಳಿಗೆ ಅರಿವಳಿಕೆ ಕೊಟ್ಟಾಗ ದೊರೆತ ದಾಖಲೆಗಳ ಮೇಲೆ. ಗಾಯಗೊಂಡ ಮಿದುಳಿಗೆ ಅದನ್ನು ಹಾಗೆಯೇ ಅನ್ವಯಿಸಲಾಗದು.

ಹಣೆಯ ಸ್ನಾಯು ಬಿಗಿಯಾದರೆ ಅಂಕಿ ಏರುತ್ತದೆ, ಸ್ನಾಯು ಸಡಿಲಿಸುವ ಔಷಧ ಕೊಟ್ಟರೆ ಇಳಿಯುತ್ತದೆ. ಪೂರ್ಣ ಎಚ್ಚರವಿದ್ದ ಸ್ವಯಂಸೇವಕರಿಗೆ ಮಂಪರು ತರದ, ಸ್ನಾಯು ಮಾತ್ರ ಸಡಿಲಿಸುವ ಔಷಧ ಕೊಟ್ಟ ಪ್ರಯೋಗಗಳಲ್ಲಿ ಅಂಕಿ ಅರಿವಳಿಕೆಯ ಮಟ್ಟಕ್ಕೆ ಇಳಿದದ್ದಿದೆ. ಗಾಯ ತಲೆಯ ಹಿಂಭಾಗದಲ್ಲಿದ್ದರೆ ಹಣೆಯ ಪಟ್ಟಿಗೆ ಅದು ತಿಳಿಯುವುದಿಲ್ಲ. ಮಂಪರಿನ ಆಳವನ್ನು ಅಂದಾಜಿಸಲು ಈ ಯಂತ್ರ ನೆರವಾಗಬಹುದು, ಆದರೆ ರೋಗಿ ಉಳಿಯುತ್ತಾರೆಯೇ, ಎಚ್ಚರಗೊಳ್ಳುತ್ತಾರೆಯೇ ಎಂಬುದನ್ನು ಅದರ ಅಂಕಿಯಿಂದ ನಿರ್ಧರಿಸಬಾರದು. ತಲೆಯೊಳಗಿನ ಒತ್ತಡ ಅಳೆಯುವ ಸಾಧನ ಇದಕ್ಕಿಂತ ಬೇರೆ. ಅದನ್ನು ಬುರುಡೆಯೊಳಗೆ ಅಳವಡಿಸುತ್ತಾರೆ. ಒತ್ತಡ 22 ಮಿಲಿಮೀಟರ್ ಪಾದರಸಕ್ಕಿಂತ ಮೇಲೇರಿದರೆ ಇಳಿಸಬೇಕು ಎಂಬುದು ಅಮೆರಿಕದ 2016ರ ಮಾರ್ಗಸೂಚಿಯ ಸಲಹೆ.

ಮುಂದೇನು ಎಂಬ ಪ್ರಶ್ನೆ

ಮನೆಯವರು ಕೇಳುವ ಮೊದಲ ಪ್ರಶ್ನೆ, ರೋಗಿ ಎಚ್ಚರಗೊಳ್ಳುತ್ತಾರೆಯೇ ಎಂಬುದು. ಹೃದಯ ಸ್ತಂಭನದ ರೋಗಿಗಳ ಬಗ್ಗೆ ಈ ಪ್ರಶ್ನೆಗೆ ಒಂದಷ್ಟು ಸ್ಪಷ್ಟ ನಿಯಮಗಳಿವೆ. ಯುರೋಪಿನ 2021ರ ಮಾರ್ಗಸೂಚಿಯ ಪ್ರಕಾರ ಕನಿಷ್ಠ 72 ಗಂಟೆ ಕಾಯಬೇಕು, ಔಷಧದ ಪರಿಣಾಮ ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಆಗಲೂ ರೋಗಿ ಕೋಮಾದಲ್ಲಿದ್ದರೆ ಕನಿಷ್ಠ ಎರಡು ಕೆಟ್ಟ ಲಕ್ಷಣಗಳು ಕೂಡಿ ಬಂದರೆ ಮಾತ್ರ ಚೇತರಿಕೆ ಅಸಂಭವ ಎನ್ನಬಹುದು. ಕಣ್ಣಿನ ಪಾಪೆ ಬೆಳಕಿಗೆ ಸ್ಪಂದಿಸದಿರುವುದು, 24 ಗಂಟೆಯ ನಂತರವೂ ಇಇಜಿ ಅತಿ ಕೆಟ್ಟದಾಗಿರುವುದು, ಸ್ಕ್ಯಾನಿನಲ್ಲಿ ವ್ಯಾಪಕ ಹಾನಿ ಕಾಣುವುದು, ರಕ್ತದಲ್ಲಿ ನರಕೋಶ ನಾಶದ ಸೂಚಕ ಏರಿರುವುದು ಅಂಥ ಲಕ್ಷಣಗಳಲ್ಲಿ ಕೆಲವು. ಮಣಿಕಟ್ಟಿನ ನರಕ್ಕೆ ಸಣ್ಣ ವಿದ್ಯುತ್ ಪ್ರಚೋದನೆ ಕೊಟ್ಟು ಸುಮಾರು 20 ಮಿಲಿಸೆಕೆಂಡಿನಲ್ಲಿ ಅದು ಮಿದುಳಿಗೆ ತಲುಪಿತೇ ಎಂದು ನೋಡುವ ಪರೀಕ್ಷೆಯೂ ಇದೆ. ಎರಡೂ ಬದಿಯಲ್ಲಿ ಉತ್ತರ ಬಾರದಿದ್ದರೆ ಅದು ಕೆಟ್ಟ ಲಕ್ಷಣ. ಇಇಜಿ ಒಂದೇ ಇಲ್ಲಿ ತೀರ್ಪು ಕೊಡುವುದಿಲ್ಲ.

ತಲೆಗೆ ಪೆಟ್ಟಾದವರ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಇವರ ಚೇತರಿಕೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷ ದಾಟಿಯೂ ಸಾಗುತ್ತದೆ. ದೀರ್ಘಕಾಲ ಪ್ರಜ್ಞೆ ಕುಂದಿರುವವರ ಬಗ್ಗೆ 2018ರಲ್ಲಿ ಅಮೆರಿಕದ ನರರೋಗ ತಜ್ಞರ ಅಕಾಡೆಮಿ ಇತರ ಸಂಸ್ಥೆಗಳ ಜೊತೆ ಹೊರಡಿಸಿದ ಮಾರ್ಗಸೂಚಿ, ಗಾಯವಾದ ಮೊದಲ 28 ದಿನಗಳಲ್ಲಿ ಇಂಥವರೆಲ್ಲರ ಭವಿಷ್ಯ ಕೆಟ್ಟದ್ದೇ ಎಂಬರ್ಥದ ಮಾತನ್ನು ವೈದ್ಯರು ಆಡಕೂಡದು ಎಂದಿದೆ. ಇದಕ್ಕೆ ಬಲವಾದ ಕಾರಣವಿದೆ. ಆಸೆಯಿಲ್ಲ ಎಂದು ಬೇಗ ನಿರ್ಧರಿಸಿ ಚಿಕಿತ್ಸೆ ನಿಲ್ಲಿಸಿದರೆ ರೋಗಿ ತೀರಿಕೊಳ್ಳುತ್ತಾರೆ, ಆ ಸಾವೇ ನಿರ್ಧಾರ ಸರಿಯಾಗಿತ್ತು ಎಂಬುದಕ್ಕೆ ಪುರಾವೆಯಾಗಿಬಿಡುತ್ತದೆ.

ಅಡಗಿರುವ ಅರಿವು

ಹೊರಗೆ ಸ್ಪಂದಿಸದವರಲ್ಲಿ ಒಳಗೆ ಅರಿವು ಇರಬಹುದು ಎಂಬುದಕ್ಕೆ ಪುರಾವೆ ಸಿಕ್ಕದ್ದು ಈ ಶತಮಾನದಲ್ಲಿ. ಬ್ರಿಟನ್ನಿನಲ್ಲಿ ರಸ್ತೆ ಅಪಘಾತದ ನಂತರ ಅರಿವಿಲ್ಲದ ಸ್ಥಿತಿಯಲ್ಲಿದ್ದಾರೆಂದು ತಿಳಿಯಲಾಗಿದ್ದ 23 ವರ್ಷದ ಮಹಿಳೆಗೆ, ಟೆನಿಸ್ ಆಡುತ್ತಿರುವುದಾಗಿ ಕಲ್ಪಿಸಿಕೊಳ್ಳಿ ಎಂದು ಏಡ್ರಿಯನ್ ಓವೆನ್ ಮತ್ತು ಸಂಗಡಿಗರು ಹೇಳಿದರು. ಎಂಆರ್‌ಐ ಯಂತ್ರದಲ್ಲಿ ಆಕೆಯ ಮಿದುಳು ಆರೋಗ್ಯವಂತರ ಮಿದುಳಿನಂತೆಯೇ ಸ್ಪಂದಿಸಿತು. ಇದು 2006ರಲ್ಲಿ ಪ್ರಕಟವಾಯಿತು.

ಇದೇ ಕೆಲಸವನ್ನು ಐಸಿಯು ಹಾಸಿಗೆಯ ಪಕ್ಕದಲ್ಲೇ ಇಇಜಿಯಿಂದ ಮಾಡಬಹುದೆಂದು ಕ್ಲಾಸೆನ್ ತಂಡ 2019ರಲ್ಲಿ ತೋರಿಸಿತು. ಆಜ್ಞೆಗಳಿಗೆ ಸ್ಪಂದಿಸದಿದ್ದ 104 ರೋಗಿಗಳಿಗೆ ಕೈ ಬಿಚ್ಚಿ ಮುಚ್ಚುವಂತೆ ಹೇಳಿ, ಅಲೆಗಳನ್ನು ಕಂಪ್ಯೂಟರಿನಿಂದ ವಿಶ್ಲೇಷಿಸಿದಾಗ 16 ಮಂದಿಯ ಮಿದುಳು ಆಜ್ಞೆಯನ್ನು ಅರ್ಥಮಾಡಿಕೊಂಡದ್ದು ಕಂಡಿತು. ಒಂದು ವರ್ಷದ ನಂತರ ಇವರಲ್ಲಿ ಶೇ 44ರಷ್ಟು ಜನ ದಿನಕ್ಕೆ ಎಂಟು ಗಂಟೆಯಾದರೂ ತಾವೇ ಇರಬಲ್ಲಷ್ಟು ಸುಧಾರಿಸಿದ್ದರು. ಉಳಿದವರಲ್ಲಿ ಆ ಪ್ರಮಾಣ ಶೇ 14. 2024ರಲ್ಲಿ ಪ್ರಕಟವಾದ, ಹಲವು ಕೇಂದ್ರಗಳ ಅಧ್ಯಯನದಲ್ಲಿ ಆಜ್ಞೆಗೆ ಸ್ಪಂದಿಸದ 241 ಮಂದಿಯಲ್ಲಿ 60 ಜನರಿಗೆ, ಅಂದರೆ ನಾಲ್ವರಲ್ಲಿ ಒಬ್ಬರಿಗೆ, ಇಂಥ ಅಡಗಿದ ಅರಿವು ಇತ್ತು. ಈ ಪರೀಕ್ಷೆ ಇನ್ನೂ ಕೆಲವೇ ಸಂಶೋಧನಾ ಕೇಂದ್ರಗಳಲ್ಲಿ ನಡೆಯುತ್ತದೆ. ಆದರೆ ಅದು ಕಲಿಸಿದ ಪಾಠ ಎಲ್ಲ ಐಸಿಯುಗಳಿಗೂ ಸಲ್ಲುತ್ತದೆ: ರೋಗಿಯ ಮುಂದೆ ಆಡುವ ಪ್ರತಿ ಮಾತನ್ನೂ ಅವರು ಕೇಳಿಸಿಕೊಳ್ಳುತ್ತಿರಬಹುದು ಎಂದೇ ತಿಳಿದು ಆಡಬೇಕು.

ನೇರ ಗೆರೆ ಮತ್ತು ಮಿದುಳುಕಾಂಡದ ಸಾವು

ಇಇಜಿ ಗೆರೆ ನೇರವಾದರೆ ಸಾವು ಎಂಬ ಕಲ್ಪನೆ ಹಲವರಲ್ಲಿದೆ. ಭಾರತದ ಕಾನೂನು ಹಾಗೆ ಹೇಳುವುದಿಲ್ಲ. 1994ರ ಮಾನವ ಅಂಗಾಂಗ ಕಸಿ ಕಾಯ್ದೆಯಡಿ ಸಾವನ್ನು ದೃಢೀಕರಿಸುವುದು ಉಸಿರಾಟವನ್ನು ನಡೆಸುವ ಮಿದುಳುಕಾಂಡದ ಪರೀಕ್ಷೆಯಿಂದ. ನಾಲ್ವರು ವೈದ್ಯರ ಮಂಡಳಿ ಪಾಪೆ, ಕಣ್ಣು, ಗಂಟಲಿನ ಪ್ರತಿವರ್ತನೆಗಳನ್ನು ನೋಡಿ, ವೆಂಟಿಲೇಟರ್ ನೆರವಿಲ್ಲದೆ ಉಸಿರಾಡುವ ಪ್ರಯತ್ನ ಇದೆಯೇ ಎಂದು ಪರೀಕ್ಷಿಸಿ, ಕನಿಷ್ಠ ಆರು ಗಂಟೆಯ ನಂತರ ಎಲ್ಲವನ್ನೂ ಮತ್ತೊಮ್ಮೆ ಮಾಡಬೇಕು. ಇದರಲ್ಲಿ ಇಇಜಿ ಕಡ್ಡಾಯವಲ್ಲ. ಇಇಜಿ ತೋರಿಸುವುದು ಮಿದುಳಿನ ಹೊರಪದರದ ಚಟುವಟಿಕೆಯನ್ನು, ಮಿದುಳುಕಾಂಡದ್ದನ್ನಲ್ಲ. ಅತಿಯಾದ ಔಷಧದಿಂದ ಗೆರೆ ನೇರವಾಗಿದ್ದು ನಂತರ ರೋಗಿ ಚೇತರಿಸಿಕೊಳ್ಳುವುದೂ ಸಾಧ್ಯ. 2021ರ ಜೂನ್‌ನಲ್ಲಿ ಬೈಕ್ ಅಪಘಾತದಲ್ಲಿ ತಲೆಗೆ ಪೆಟ್ಟಾದ ನಟ ಸಂಚಾರಿ ವಿಜಯ್ ಅವರ ಅಂಗಾಂಗಗಳನ್ನು ಕುಟುಂಬದವರು ದಾನ ಮಾಡಿದಾಗ ಮಿದುಳಿನ ಸಾವಿನ ವಿಷಯ ಕನ್ನಡಿಗರ ಮನೆಮನೆಗಳಲ್ಲಿ ಚರ್ಚೆಯಾಯಿತು. ಕೋಮಾ ಬೇರೆ, ಮಿದುಳುಕಾಂಡದ ಸಾವು ಬೇರೆ. ಕೋಮಾದಿಂದ ಮರಳಿ ಬರುವ ಸಾಧ್ಯತೆ ಇದೆ, ಎರಡನೆಯದರಿಂದ ಇಲ್ಲ.

ಮನೆಯವರು ಕೇಳಬೇಕಾದದ್ದು

ಐಸಿಯು ಪರದೆಯ ಅಲೆ ಏರಿದಾಗ ಸಂಭ್ರಮಿಸುವುದು, ಇಳಿದಾಗ ಕುಸಿಯುವುದು ಕಾಯುತ್ತ ಕುಳಿತವರಿಗೆ ಸಹಜ. ಅದರ ಬದಲು ವೈದ್ಯರಲ್ಲಿ ಕೆಲವು ಪ್ರಶ್ನೆಗಳನ್ನು ಕೇಳುವುದು ಹೆಚ್ಚು ಉಪಯುಕ್ತ. ಇಇಜಿ ತೆಗೆದಾಗ ಮಂಪರಿನ ಔಷಧ ಎಷ್ಟಿತ್ತು? ಶಬ್ದಕ್ಕೆ, ನೋವಿಗೆ ಅಲೆಗಳು ಸ್ಪಂದಿಸಿದವೇ? ಕಾಣದ ಫಿಟ್ಸ್ ಇಲ್ಲವೆಂದು ಖಚಿತವಾಗಿದೆಯೇ? ಮತ್ತೊಮ್ಮೆ ಇಇಜಿ ಯಾವಾಗ? ಸ್ಕ್ಯಾನ್ ಮತ್ತು ಹಾಸಿಗೆಯ ಪಕ್ಕದ ಪರೀಕ್ಷೆ ಇದರೊಂದಿಗೆ ಹೊಂದುತ್ತವೆಯೇ? ಇವುಗಳಿಗೆ ಉತ್ತರ ಸಿಗುವ ಮೊದಲು ಒಂದು ದಾಖಲೆಯನ್ನೋ ಒಂದು ಅಂಕಿಯನ್ನೋ ನಂಬಿ ಚಿಕಿತ್ಸೆ ನಿಲ್ಲಿಸುವ ನಿರ್ಧಾರಕ್ಕೆ ಯಾರೂ ಬರಬಾರದು.